ಮಂಡಿಯೊಳಗೆ ಬಿದ್ದ ಗುಂಡಿ: ತುಂಬಿಸಿಕೊಳ್ಳುವ ಮುನ್ನ

ಶಟಲ್ ಆಡುವಾಗ ನೆಟ್ ಹತ್ತಿರ ಬಗ್ಗಿ ತಿರುಗಿದೆ, ಬಲ ಮಂಡಿ ಕಟಕ್ ಅಂದಿತು. ಸಂಜೆಯ ಹೊತ್ತಿಗೆ ನೀರು ತುಂಬಿ ಊದಿಕೊಂಡಿತ್ತು. ಮೊದಲು ತೋರಿಸಿದ ಕಡೆ ಮಲಗಿಸಿ ಒಂದು ಎಕ್ಸ್‌ರೇ ತೆಗೆದು, ‘ಮಂಡಿ ಸವೆದಿದೆ, ಆಟ ಬಿಟ್ಟುಬಿಡಿ’ ಅಂದರು. ಆಗ ನನಗೆ 34 ವರ್ಷ. ಎಂಟು ತಿಂಗಳು ಕುಂಟಿದ ಮೇಲೆ ಇನ್ನೊಬ್ಬ ವೈದ್ಯರು ಎಂಆರ್‌ಐ ಮಾಡಿಸಿದರು. ಮಂಡಿ ಸವೆದಿರಲಿಲ್ಲ. ತೊಡೆಮೂಳೆಯ ತುದಿಯಲ್ಲಿ ಅಂಗಿಯ ಬಟನ್ನಿನಷ್ಟು ಅಗಲದ ಒಂದು ಗುಂಡಿ ಬಿದ್ದಿತ್ತು, ಅಷ್ಟೇ.

ಇಡೀ ರಸ್ತೆಯ ಡಾಂಬರು ಕಿತ್ತುಹೋಗುವುದು ಬೇರೆ, ಒಂದು ಕಡೆ ಗುಂಡಿ ಬೀಳುವುದು ಬೇರೆ. ಮೊದಲನೆಯದು ಸಂಧಿವಾತ. ಎರಡನೆಯದು ಕಬಡ್ಡಿ ಆಡುವವರಿಗೆ, ಓಡುವವರಿಗೆ, ಮಂಡಿಯ ಮೇಲೇ ಸುತ್ತುವ ಬಡಗುತಿಟ್ಟಿನ ಯಕ್ಷಗಾನ ಕಲಾವಿದರಿಗೆ ಚಿಕ್ಕ ವಯಸ್ಸಿನಲ್ಲೇ ಆಗಬಹುದಾದ ಗಾಯ. ಈ ಲೇಖನದಲ್ಲಿ ಹೇಳುವ ಇಂಪ್ಲಾಂಟ್‌ಗಳು ಗುಂಡಿಗೆ ಮಾತ್ರ. ಇಡೀ ಮಂಡಿ ಸವೆದವರಿಗೆ ಇವನ್ನು ಮಾರಲು ಬಂದವರನ್ನು ನಂಬಬೇಡಿ.

ಮೂಳೆಯ ತುದಿಗೆ ಹೊದಿಸಿದಂತಿರುವ ಕಾರ್ಟಿಲೇಜ್, ಅಂದರೆ ಮೃದ್ವಸ್ಥಿ, ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್ ದಪ್ಪ. ಅದರಲ್ಲಿ ರಕ್ತನಾಳ ಇಲ್ಲ, ನರ ಇಲ್ಲ. ಚರ್ಮ ಕುಯ್ದರೆ ರಕ್ತ ಹೆಪ್ಪುಗಟ್ಟಿ ಗಾಯ ಮಾಗುತ್ತದೆ, ಇಲ್ಲಿ ಆ ದಾರಿಯೇ ಇಲ್ಲ. ಒಮ್ಮೆ ಹಾಳಾದ ಕಾರ್ಟಿಲೇಜ್ ಮರಳಿ ಬರುವುದಿಲ್ಲ ಎಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿಟ್ಟಿದ್ದರು. ನನ್ನ ಕೀಹೋಲ್ ಆಪರೇಷನ್ನಿನ ವಿಡಿಯೊ ನನ್ನ ಹತ್ತಿರ ಇದೆ. ಚೆನ್ನಾಗಿರುವ ಜಾಗ ಎಳನೀರಿನ ಗಂಜಿಯಂತೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತದೆ. ಗುಂಡಿಯ ಅಂಚು ಬೇಯಿಸಿದ ಏಡಿಯ ಮಾಂಸದ ಹಾಗೆ ಎಳೆ ಎಳೆ. ಸಲಾಕೆಯ ತುದಿ ತಾಗಿದರೆ ಆ ಎಳೆಗಳು ಕೆರೆಯ ಪಾಚಿಯಂತೆ ತೂಗಾಡುತ್ತವೆ. ನಡುವೆ ಹಳದಿ ಬಣ್ಣದ ಬರಿಮೂಳೆ.

ಹೆಜ್ಜೆ 1: ಅಳತೆ ಕೇಳಿ

ಎಂಆರ್‌ಐ ವರದಿ ಕೈಗೆ ಬಂದ ಕೂಡಲೇ ಮೂರು ಸಂಗತಿ ಹುಡುಕಿ: ಗುಂಡಿ ಎಲ್ಲಿದೆ, ಎಷ್ಟು ಅಗಲ, ಎಷ್ಟು ಆಳ. ಆಳವನ್ನು 1ರಿಂದ 4ರವರೆಗಿನ ಗ್ರೇಡ್‌ನಲ್ಲಿ ಹೇಳುತ್ತಾರೆ. 3 ಅಂದರೆ ಅರ್ಧಕ್ಕಿಂತ ಹೆಚ್ಚು ದಪ್ಪ ಹೋಗಿದೆ, 4 ಅಂದರೆ ಪೆಟ್ಟು ಮೂಳೆಯವರೆಗೆ ಇಳಿದಿದೆ. ಅಗಲವನ್ನು ಚದರ ಸೆಂಟಿಮೀಟರ್‌ನಲ್ಲಿ ಕೇಳಿ. ಅಂಗಿಯ ಸಾಧಾರಣ ಬಟನ್ ಸುಮಾರು 1 ಚದರ ಸೆಂಟಿಮೀಟರ್, ಈಚಿನ ಒಂದು ರೂಪಾಯಿ ನಾಣ್ಯ 3ರಿಂದ 4. ಎಂಆರ್‌ಐ ತೋರಿಸಿದ್ದಕ್ಕಿಂತ ನಿಜವಾದ ಗುಂಡಿ ದೊಡ್ಡದಿರುವುದು ಸಾಮಾನ್ಯ. ಆದ್ದರಿಂದ ‘ಒಳಗೆ ನೋಡಿದಾಗ ದೊಡ್ಡದಾಗಿದ್ದರೆ ಏನು ಮಾಡುತ್ತೀರಿ?’ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಪಡೆದಿರಿ.

ಹೆಜ್ಜೆ 2: ಗುಂಡಿ ಬಿದ್ದದ್ದು ಏಕೆ?

ಜನ ಹೆಚ್ಚಾಗಿ ಎಡವುವುದು ಇಲ್ಲಿ. ಕಾಲು ಬಿಲ್ಲಿನಂತೆ ಬಾಗಿದ್ದರೆ ಮಂಡಿಯ ಒಳಬದಿಗೇ ಭಾರವೆಲ್ಲ ಬೀಳುತ್ತದೆ. ಅಲ್ಲಿ ಎಷ್ಟೇ ಬೆಲೆಬಾಳುವ ಇಂಪ್ಲಾಂಟ್ ಕೂರಿಸಿದರೂ ಅದೇ ಭಾರ ಅದನ್ನೂ ಅರೆದುಹಾಕುತ್ತದೆ. ಮಂಡಿಯನ್ನು ಬಿಗಿಹಿಡಿಯುವ ಎಸಿಎಲ್ ಲಿಗಮೆಂಟ್ ಹರಿದಿದ್ದರೂ ಇದೇ ಕಥೆ, ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್ ಹಿಂದೆಂದೋ ತೆಗೆಸಿಕೊಂಡಿದ್ದರೂ ಇದೇ ಕಥೆ. ಹಾಗಾಗಿ ನಿಂತುಕೊಂಡೇ, ಸೊಂಟದಿಂದ ಹಿಮ್ಮಡಿಯವರೆಗಿನ ಉದ್ದ ಎಕ್ಸ್‌ರೇ ತೆಗೆಸಲೇಬೇಕು. ಮಲಗಿಸಿ ತೆಗೆದ ಚಿತ್ರದಲ್ಲಿ ಭಾರ ಎಲ್ಲಿ ಬೀಳುತ್ತಿದೆ ಎಂದು ಗೊತ್ತಾಗುವುದಿಲ್ಲ. ಕಾಲು ಬಾಗಿದ್ದರೆ ಮೂಳೆ ಕೊಯ್ದು ನೆಟ್ಟಗೆ ಮಾಡುವ ಆಸ್ಟಿಯಾಟಮಿಯನ್ನು ಮೊದಲೋ ಜೊತೆಗೋ ಮಾಡುತ್ತಾರೆ. ಈ ಮಾತೇ ಎತ್ತದೆ ನೇರ ಇಂಪ್ಲಾಂಟ್ ಹೆಸರು ಹೇಳುವವರ ಬಳಿಯಿಂದ ಎದ್ದು ಬಂದು ಇನ್ನೊಬ್ಬರ ಅಭಿಪ್ರಾಯ ಕೇಳಿ.

ಹೆಜ್ಜೆ 3: ಏನು ತುಂಬಿಸುತ್ತಾರೆ ಎಂದು ತಿಳಿಯಿರಿ

ಹಳೆಯ, ಅಗ್ಗದ ವಿಧಾನ ಮೈಕ್ರೋಫ್ರ್ಯಾಕ್ಚರ್. ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ರೂಢಿಗೆ ತಂದದ್ದು. ಬರಿಮೂಳೆಗೆ ಸಣ್ಣ ತೂತು ಕೊರೆದು ಮಜ್ಜೆಯ ರಕ್ತ ಬರಿಸುತ್ತಾರೆ. ಅದು ಹೆಪ್ಪುಗಟ್ಟಿ ಗುಂಡಿ ತುಂಬುತ್ತದೆ. ಆದರೆ ಬೆಳೆಯುವುದು ಮೂಲದ ಗಟ್ಟಿ ಕಾರ್ಟಿಲೇಜ್ ಅಲ್ಲ, ಗಾಯದ ಕಲೆಯಂಥ ನಾರಿನ ಅಂಗಾಂಶ. ಸಣ್ಣ ಗುಂಡಿಗೆ ಸರಿ. ದೊಡ್ಡದಕ್ಕೆ, ಅದರಲ್ಲೂ ಜಿಗಿದು ಆಡುವವರಿಗೆ, ಕೆಲವು ವರ್ಷಗಳಲ್ಲಿ ನೋವು ಮರಳುವುದುಂಟು.

ನನಗೆ ಮಾಡಿದ್ದು ಮೊಸಾಯಿಕ್‌ಪ್ಲಾಸ್ಟಿ. ಹಂಗೇರಿಯ ಲಾಸ್ಲೊ ಹಂಗೋಡಿ ಬೆಳೆಸಿದ ವಿಧಾನ. ಅದೇ ಮಂಡಿಯಲ್ಲಿ ಹೆಚ್ಚು ಭಾರ ಬೀಳದ ಜಾಗದಿಂದ ಕಾರ್ಟಿಲೇಜ್ ಮತ್ತು ಮೂಳೆ ಕೂಡಿದ ಸಣ್ಣ ಗೂಟಗಳನ್ನು ಕೊರೆದು ತೆಗೆದು ಗುಂಡಿಯಲ್ಲಿ ನೆಡುತ್ತಾರೆ. ನಿಮ್ಮದೇ ಅಂಗಾಂಶವಾದ್ದರಿಂದ ಬೇಗ ಕೂಡಿಕೊಳ್ಳುತ್ತದೆ. ಆದರೆ ಗೂಟ ಕಿತ್ತ ಜಾಗವೂ ಸ್ವಲ್ಪ ಕಾಲ ನೋಯುತ್ತದೆ, ಮತ್ತು ಗುಂಡಿ ದೊಡ್ಡದಾದರೆ ಕೊಡಲು ಅಷ್ಟು ಗೂಟಗಳೇ ಇರುವುದಿಲ್ಲ.

ದೊಡ್ಡ ಗುಂಡಿಗೆ ಕೋಶ ಬೆಳೆಸಿ ತುಂಬುವ ವಿಧಾನವಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಲಾರ್ಸ್ ಪೀಟರ್ಸನ್ ಮತ್ತು ಮ್ಯಾಟ್ಸ್ ಬ್ರಿಟ್‌ಬರ್ಗ್ ತಂಡ 1987ರಲ್ಲಿ ಮೊದಲ ರೋಗಿಗೆ ಮಾಡಿ, 1994ರಲ್ಲಿ ಪ್ರಕಟಿಸಿತು. ಮೊದಲ ಕೀಹೋಲ್‌ನಲ್ಲಿ 200ರಿಂದ 300 ಮಿಲಿಗ್ರಾಂ ಕಾರ್ಟಿಲೇಜ್ ತೆಗೆಯುತ್ತಾರೆ. ತೂಕದಲ್ಲಿ ಹತ್ತು ಹನ್ನೆರಡು ಅಕ್ಕಿಕಾಳಿನಷ್ಟು. ಲ್ಯಾಬ್‌ನಲ್ಲಿ ಅದರ ಕೋಶಗಳು ಕೆಲವು ವಾರ ಬೆಳೆಯುತ್ತವೆ. ಎರಡನೇ ಆಪರೇಷನ್‌ನಲ್ಲಿ ಅವನ್ನು ಗುಂಡಿಗೆ ಕೂರಿಸುತ್ತಾರೆ. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆದ ‘ಮಾಸಿ’ಯಲ್ಲಿ ಕೋಶಗಳು ಹಂದಿಯಿಂದ ಪಡೆದ ಕೊಲ್ಯಾಜನ್ ಹಾಳೆಯ ಮೇಲೆ ಬರುತ್ತವೆ. ಬೇಡ ಎನ್ನುವವರು ಮೊದಲೇ ಹೇಳಬೇಕು. ನಮ್ಮಲ್ಲಿ ಮುಂಬೈನ ರೀಗ್ರೋ ಕಂಪನಿಯ ‘ಕಾರ್ಟಿಗ್ರೋ’ಗೆ 2017ರಲ್ಲಿ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು.

ಮೂಳೆಯೂ ಹಾಳಾಗಿದ್ದರೆ ಕೋಶ ಮಾತ್ರ ಸಾಲದು. ಅಂಥ ಕಡೆಗೆ ಇಸ್ರೇಲಿನ ಕಾರ್ಟಿಹೀಲ್ ಕಂಪನಿ ಹವಳದಿಂದ ‘ಅಗಿಲಿ-ಸಿ’ ಮಾಡಿದೆ. ಹವಳದ ಅರಾಗೊನೈಟ್ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಒಂದು ರೂಪ, ಒಳಗೆಲ್ಲ ಸೂಕ್ಷ್ಮ ರಂಧ್ರ. ಗೂಟದಂತೆ ನೆಟ್ಟರೆ ಮೂಳೆ ಆ ರಂಧ್ರಗಳಿಗೆ ಬೆಳೆದು ಬರುತ್ತದೆ, ಹವಳ ನಿಧಾನಕ್ಕೆ ಕರಗುತ್ತದೆ. 251 ರೋಗಿಗಳ ಪ್ರಯೋಗದ ನಂತರ 2022ರ ಮಾರ್ಚ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, 1ರಿಂದ 7 ಚದರ ಸೆಂಟಿಮೀಟರ್ ಗುಂಡಿಗಳಿಗೆ. ಆ ಒಪ್ಪಿಗೆ ಇಲ್ಲಿಗೆ ಸಲ್ಲುವುದಿಲ್ಲ ಎಂಬುದು ನೆನಪಿರಲಿ.

ನಲವತ್ತು ದಾಟಿ, ಜೈವಿಕ ವಿಧಾನ ಹಿಡಿಯುವ ಭರವಸೆ ಕಡಿಮೆ ಇರುವವರಿಗೆ ಲೋಹದ ಸಣ್ಣ ಮುಚ್ಚಳ ಕೂರಿಸುವುದೂ ಇದೆ. ಬೇಗ ಓಡಾಡಬಹುದು. ಆದರೆ ಅದು ಒಂದು ಕೂದಲೆಳೆಯಷ್ಟು ಮೇಲೆದ್ದು ಕೂತರೂ ಎದುರಿನ ಕಾರ್ಟಿಲೇಜನ್ನು ಉಜ್ಜುತ್ತದೆ.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್‌ನ ಕಾಂಡಕೋಶ ಔಷಧಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿದ್ದನ್ನು ಓದಿ ಹಲವರು ನನ್ನನ್ನು ಕೇಳಿದ್ದಾರೆ. ಅದು ಸಂಧಿವಾತಕ್ಕೆ ಕೊಡುವ ಚುಚ್ಚುಮದ್ದು, ಗುಂಡಿ ತುಂಬುವ ಇಂಪ್ಲಾಂಟ್ ಅಲ್ಲ.

ಹೆಜ್ಜೆ 4: ಬರೆಸಿಕೊಳ್ಳಿ

ಇಂಪ್ಲಾಂಟಿನ ಪೂರ್ತಿ ಹೆಸರು ಮತ್ತು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಇದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೋಶ ಚಿಕಿತ್ಸೆಯಾದರೆ ಎರಡು ಆಪರೇಷನ್ ಮತ್ತು ಲ್ಯಾಬ್ ಖರ್ಚು ಬೇರೆ ಬೇರೆಯಾಗಿ ಕಾಣಿಸಬೇಕು, ವಿಮೆ ಕಂಪನಿಯ ಮುಂಗಡ ಒಪ್ಪಿಗೆಯೂ ಬರಹದಲ್ಲೇ ಇರಬೇಕು. 2017ರಲ್ಲಿ ಕೇಂದ್ರ ಸರ್ಕಾರ ಮಂಡಿ ಕೀಲು ಬದಲಾವಣೆಯ ಇಂಪ್ಲಾಂಟ್‌ಗಳಿಗೆ ಬೆಲೆಮಿತಿ ಹಾಕಿದ್ದು ನಿಜ, ಆದರೆ ಅದನ್ನು ನಂಬಿ ಕೋಶ ಚಿಕಿತ್ಸೆಯ ಖರ್ಚು ಲೆಕ್ಕ ಹಾಕಬೇಡಿ. ಈ ಶಸ್ತ್ರಚಿಕಿತ್ಸೆಯನ್ನು ತಾವೇ ಎಷ್ಟು ಮಾಡಿದ್ದೀರಿ ಎಂದು ಸರ್ಜನ್‌ರನ್ನು ಕೇಳಲು ಸಂಕೋಚ ಬೇಡ. ಒಳ್ಳೆಯವರು ಬೇಸರಿಸುವುದಿಲ್ಲ.

ಹೆಜ್ಜೆ 5: ಮೊದಲೇ ತೊಡೆ ಬಲಪಡಿಸಿ

ಆಪರೇಷನ್ನಿಗೆ ಒಂದು ತಿಂಗಳು ಮುಂಚೆ ಫಿಜಿಯೋ ಹತ್ತಿರ ಹೋಗಿ. ಸಿಗರೇಟು ಬಿಡಿ, ಅದು ಅಂಗಾಂಶ ಬೆಳೆಯಲು ಬಿಡುವುದಿಲ್ಲ. ತೂಕ ಹೆಚ್ಚಿದ್ದರೆ ಇಳಿಸಿ. ಆಪರೇಷನ್ ಆಗಿ ಎರಡು ವಾರಕ್ಕೆ ಟೇಪಿನಲ್ಲಿ ಅಳೆದಾಗ ನನ್ನ ಬಲತೊಡೆ ಎಡದ್ದಕ್ಕಿಂತ 3 ಸೆಂಟಿಮೀಟರ್ ಸಣಕಲಾಗಿತ್ತು. ಮುಂಚೆ ವ್ಯಾಯಾಮ ಮಾಡಿದ್ದರಿಂದಲೇ ಅಷ್ಟಕ್ಕೆ ನಿಂತಿತು ಎಂದು ಫಿಜಿಯೋ ಹೇಳಿದರು.

ಹೆಜ್ಜೆ 6: ತಿಂಗಳುಗಳನ್ನು ಕೊಡಿ

ತೊಡೆಮೂಳೆಯ ತುದಿಯ ಗುಂಡಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಊರುಗೋಲು, ಪೂರ್ತಿ ಭಾರ ಹಾಕುವಂತಿಲ್ಲ. ಮಂಡಿಚಿಪ್ಪಿನ ಹಿಂದಿನ ಗುಂಡಿಯಾದರೆ ಬ್ರೇಸ್ ಕಟ್ಟಿ ಕಾಲು ನೇರವಾಗಿಟ್ಟು ಬೇಗ ನಡೆಯಬಹುದು, ಮಡಚುವುದಕ್ಕೇ ಮಿತಿ. ನೆಲದ ಕಕ್ಕಸು, ಚಕ್ಕಳಮಕ್ಕಳ ಹಾಕಿ ಊಟ, ಕೆಳಗೆ ಕೂತು ಪೂಜೆ, ಇವಕ್ಕೆಲ್ಲ ಯಾವಾಗ ಅನುಮತಿ ಎಂದು ಹೆಸರು ಹಿಡಿದು ಕೇಳಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ನನ್ನ ಮನೆಯಲ್ಲಿ ಕಮೋಡ್ ಹಾಕಿಸಿದ್ದು ಆಪರೇಷನ್ನಿಗೆ ಮುನ್ನಾ ವಾರ.

ನೋವು ಹೋದ ಕೂಡಲೇ ಮಂಡಿ ಗುಣವಾಯಿತು ಎಂದುಕೊಳ್ಳುವುದು ಅಪಾಯ. ಆಟಕ್ಕೆ ಮರಳಲು ಗೂಟ ನೆಡಿಸಿಕೊಂಡವರಿಗೆ ಆರು ತಿಂಗಳ ಆಸುಪಾಸು, ಕೋಶ ಹಾಕಿಸಿಕೊಂಡವರಿಗೆ ಒಂದು ವರ್ಷ ಅಥವಾ ಹೆಚ್ಚು ಬೇಕು. ತಾರೀಖು ನೋಡಿ ಮೈದಾನಕ್ಕೆ ಇಳಿಯಬೇಡಿ. ಒಂಟಿಕಾಲಿನಲ್ಲಿ ಜಿಗಿದಾಗ ಪೆಟ್ಟಾದ ಕಾಲು ಇನ್ನೊಂದರ ಶೇಕಡಾ 90ರಷ್ಟು ದೂರವನ್ನಾದರೂ ಮುಟ್ಟಬೇಕು, ಮರುದಿನ ಬೆಳಿಗ್ಗೆ ಮಂಡಿ ಊದಿರಬಾರದು. ನಾನು ಆ ಪರೀಕ್ಷೆಯಲ್ಲಿ ಎರಡು ಸಲ ಸೋತು, ಶಟಲ್‌ಗೆ ಮರಳಿದ್ದು ಒಂಬತ್ತನೇ ತಿಂಗಳಲ್ಲಿ. ಈಗ ಡಬಲ್ಸ್ ಮಾತ್ರ, ಅದೂ ಮರದ ನೆಲದ ಕೋರ್ಟಿನಲ್ಲಿ.