ಪೆಟ್ಟಿಗೆಯೊಳಗಿನ ಗಾಳಿ ಬೆಳಕು

ನನ್ನ ಮೊಮ್ಮಗನ ಗಣಕಯಂತ್ರದ ಪೆಟ್ಟಿಗೆಗೆ ಒಂದು ಪಕ್ಕದಲ್ಲಿ ಗಾಜಿನ ಬಾಗಿಲಿದೆ. ಅದರೊಳಗೆ ಆರು ಫ್ಯಾನುಗಳನ್ನೂ ಬಣ್ಣದ ದೀಪಗಳ ಪಟ್ಟಿಯೊಂದನ್ನೂ ಕೂಡಿಸಬೇಕೆಂಬುದು ಅವನ ಬಹುದಿನದ ಆಸೆ. ಯಂತ್ರದ ಹೊಟ್ಟೆಯೊಳಗೆ ದೀಪಾಲಂಕಾರವೇಕೆಂದು ನಾನು ಗೊಣಗಿದ್ದುಂಟು. ಫ್ಯಾನುಗಳ ವಿಷಯದಲ್ಲಿ ಮಾತ್ರ ನನ್ನ ತಕರಾರಿರಲಿಲ್ಲ. ಗಣಕಯಂತ್ರವು ತಾನು ಬಳಸಿದ ವಿದ್ಯುತ್ತಿನ ಬಹುಪಾಲನ್ನು ಕಡೆಗೆ ಶಾಖವಾಗಿ ಮಾರ್ಪಡಿಸುತ್ತದೆ. ಆ ಶಾಖವು ಹೊರಹೋಗದಿದ್ದರೆ ಯಂತ್ರವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಮಿತಿಮೀರಿದರೆ ನಿಂತೇಬಿಡುತ್ತದೆ.

ಮದರ್‌ಬೋರ್ಡ್ ಎಂಬ ಮುಖ್ಯ ಫಲಕದ ಮೇಲೆ ಫ್ಯಾನುಗಳಿಗೆಂದು ಪಿನ್ನುಗಳ ಸಾಲುಗಳಿವೆ. ಅಂಥ ಒಂದು ಸಾಲು ಸಾಮಾನ್ಯವಾಗಿ 1 ಆಂಪಿಯರ್ ಪ್ರವಾಹವನ್ನಷ್ಟೇ ಕೊಡಬಲ್ಲದು. ಫ್ಯಾನೊಂದಕ್ಕೆ 0.3 ಆಂಪಿಯರ್ ಎಂದಿಟ್ಟುಕೊಂಡರೂ ಆರಕ್ಕೆ 1.8 ಆಂಪಿಯರ್ ಬೇಕು. ಎಲ್ಲವನ್ನೂ ಒಂದೇ ಸಾಲಿಗೆ ಸಿಕ್ಕಿಸುವುದು ಜೋಡೆತ್ತಿನ ಗಾಡಿಯನ್ನು ಒಂಟಿ ಎತ್ತಿನ ಕೊರಳಿಗೆ ಕಟ್ಟಿದಂತೆ. ಆದುದರಿಂದಲೇ ಗಾಳಿಗೂ ಬೆಳಕಿಗೂ ಒಂದೇ ಆಗಿರುವ ನಿಯಂತ್ರಕವೊಂದನ್ನು ತರಿಸಿದೆವು. ಅಂಗೈಯಗಲದ ಈ ಸಾಧನವು ವಿದ್ಯುತ್ತನ್ನು ನೇರವಾಗಿ ಪವರ್ ಸಪ್ಲೈಯಿಂದ ಪಡೆಯುತ್ತದೆ. ಫ್ಯಾನುಗಳು ಎಷ್ಟು ವೇಗವಾಗಿ ತಿರುಗಬೇಕೆಂಬ ಅಪ್ಪಣೆಯನ್ನು ಮಾತ್ರ ಮದರ್‌ಬೋರ್ಡಿನಿಂದ ಕೇಳಿಕೊಳ್ಳುತ್ತದೆ. ಆ ಅಪ್ಪಣೆಯು ಸೆಕೆಂಡಿಗೆ ಸುಮಾರು 25,000 ಮಿಡಿತಗಳ ರೂಪದಲ್ಲಿ ಬರುತ್ತದೆ. ಒಂದೊಂದು ಮಿಡಿತದ ಅವಧಿ ಹಿಗ್ಗಿದಷ್ಟೂ ಫ್ಯಾನು ಬಿರುಸಾಗುತ್ತದೆ.

ದೀಪಗಳಲ್ಲಿ ಎರಡು ಬಗೆ. 12 ವೋಲ್ಟಿನ, ನಾಲ್ಕು ಪಿನ್ನಿನ ಪಟ್ಟಿಯಲ್ಲಿ ದೀಪಗಳೆಲ್ಲ ಒಮ್ಮೆಗೆ ಒಂದೇ ಬಣ್ಣವನ್ನು ತೋರುತ್ತವೆ. 5 ವೋಲ್ಟಿನ, ಮೂರು ಪಿನ್ನಿನ ಪಟ್ಟಿಯಲ್ಲಾದರೋ ಪ್ರತಿಯೊಂದು ದೀಪಕ್ಕೂ ತನ್ನದೇ ಬಣ್ಣ. ತಿದ್ದಿದ ಪುಸ್ತಕಗಳ ಕಟ್ಟನ್ನು ಮೇಷ್ಟ್ರು ಮೊದಲ ಬೆಂಚಿಗೆ ಕೊಟ್ಟಾಗ ನೀವು ಏನು ಮಾಡುತ್ತೀರಿ? ಮುಂದಿರುವವನು ಮೇಲಿನ ಪುಸ್ತಕವನ್ನು ತಾನಿಟ್ಟುಕೊಂಡು ಉಳಿದುವನ್ನು ಹಿಂದಕ್ಕೆ ದಾಟಿಸುತ್ತಾನೆ. ಅಂತೆಯೇ ಮೊದಲ ದೀಪವು ಸಂದೇಶದಲ್ಲಿ ತನ್ನ ಪಾಲಿನ 24 ಬಿಟ್ಟುಗಳನ್ನು ಇಟ್ಟುಕೊಂಡು ಮಿಕ್ಕುದನ್ನು ಮುಂದಿನದಕ್ಕೆ ಸಾಗಿಸುತ್ತದೆ. ಕೆಂಪು, ಹಸಿರು, ನೀಲಿಗಳಿಗೆ ತಲಾ 256 ಮಟ್ಟಗಳು. ಅವು ಬೆರೆತಾಗ ಆಗುವ ಬಣ್ಣಗಳು 1,67,77,216! ಇದನ್ನರಿತ ಮೇಲೆ ನನ್ನ ಗೊಣಗಾಟ ನಿಂತಿತು.

ಈ ಅರಿವು ಅಗ್ಗವಾಗಿ ದೊರೆಯಲಿಲ್ಲ. ಹಿಂದೊಮ್ಮೆ, ಹುಡುಗನು ಹಬ್ಬದ ಕಾಣಿಕೆಯನ್ನು ಕೂಡಿಟ್ಟು ಕೊಂಡಿದ್ದ 5 ವೋಲ್ಟಿನ ಪಟ್ಟಿಯನ್ನು ಅವನಿಲ್ಲದಾಗ ನಾನೇ ಜೋಡಿಸಹೋದೆ. ಪ್ಲಗ್ಗು ಒಳಹೋಗಲೊಲ್ಲದು. ಬಲವಾಗಿ ಒತ್ತಿದೆ. ಒತ್ತಿದ್ದು 12 ವೋಲ್ಟಿನ ಪಿನ್ನುಗಳಿಗೆ! ದೀಪಗಳು ಸುಟ್ಟುಹೋದವು. ಮೂವತ್ತು ವರ್ಷ ಮಕ್ಕಳಿಗೆ ‘ಪ್ರಶ್ನೆಯನ್ನು ಎರಡು ಸಲ ಓದಿ’ ಎಂದು ಹೇಳಿದವನು ಫಲಕದ ಮೇಲಿನ ಅಕ್ಷರವನ್ನು ಒಮ್ಮೆಯೂ ಓದಿರಲಿಲ್ಲ. ಹುಡುಗನು ಬಯ್ಯಲಿಲ್ಲ. ಆದರೆ ಆ ಮೇಲೆ ಸ್ಕ್ರೂಡ್ರೈವರು ಅವನ ಮೇಜಿನ ಖಾನೆಯೊಳಗೆ ಸೇರಿತು.

ಈ ಸಲ ಅವನು ಕೆಲಸಗಾರ, ನಾನು ಓದುಗ. ಮೊದಲು ಗೋಡೆಯ ಪ್ಲಗ್ಗನ್ನೇ ಕಿತ್ತೆವು. ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಹರಿದುಹೋಗಲೆಂದು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿದೆವು. ಪ್ರೊಸೆಸರಿನ ಮೇಲಿನ ಫ್ಯಾನನ್ನು ಅದರ ಸ್ವಂತ ಪಿನ್ನುಗಳಲ್ಲೇ ಬಿಟ್ಟೆವು. ಅದು ತಿರುಗುತ್ತಿರುವ ಸುದ್ದಿ ಬಾರದಿದ್ದರೆ ಎಷ್ಟೋ ಮದರ್‌ಬೋರ್ಡುಗಳು ಆರಂಭದಲ್ಲೇ ಎಚ್ಚರಿಕೆ ನೀಡುತ್ತವೆ. ಹೊಸ ಫ್ಯಾನುಗಳಲ್ಲಿ ಮುಂದಿನ ಮೂರು ಗಾಳಿಯನ್ನು ಒಳಗೆಳೆಯಬೇಕು, ಹಿಂದಿನ ಒಂದು ಮತ್ತು ಮೇಲಿನ ಎರಡು ಹೊರದೂಡಬೇಕು.

ಯಂತ್ರವನ್ನು ಚಾಲೂ ಮಾಡಿ, ತುಸು ದೂರದಿಂದ ಊದುಬತ್ತಿಯನ್ನು ಹಿಡಿದೆ. ಮುಂಭಾಗದಲ್ಲಿ ಹೊಗೆಯು ಒಳಸರಿಯಿತು. ಹಿಂದೆ ದೂರ ಚದುರಿತು. ಮೇಲಿನ ಒಂದು ಫ್ಯಾನಿನ ಬಳಿ ಮಾತ್ರ ಹೊಗೆಯ ಎಳೆ ಬಾಗಿ ಒಳಗಿಳಿಯಿತು. ಅದನ್ನು ತಿರುವುಮುರುವಾಗಿ ಕೂಡಿಸಿದ್ದೆವು. ಹುಡುಗನು ಸ್ವಿಚ್ಚನ್ನು ಆರಿಸಿ, ಪ್ಲಗ್ಗು ಕಿತ್ತು, “ತಾತ, ಇದೊಂದನ್ನು ನೀವೇ ಬಿಚ್ಚಿ” ಎಂದು ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತನು.