ಗೊರಸಿಗೆ ತಕ್ಕ ಲಾಳ, ಹೆಗಲಿಗೆ ತಕ್ಕ ನೊಗ



ಎತ್ತು ಕಟ್ಟಿ ಬೇಸಾಯ ಮಾಡಿದ ಹಿರಿಯರಿಗೆ ಎತ್ತಿನ ವಿಷಯವಾಗಿ ಪಾಠ ಹೇಳಹೊರಡುವುದು ಕಿರಿಯನಾದ ನನಗೆ ಸಂಕೋಚದ ಕೆಲಸ. ಹಲ್ಲು ನೋಡಿ ವಯಸ್ಸನ್ನೂ ಸುಳಿ ನೋಡಿ ಗುಣವನ್ನೂ ಹೇಳಬಲ್ಲವರು ನೀವು. ಆದರೂ ಊರೂರು ತಿರುಗುವಾಗ ನಾನು ಕಂಡದ್ದೊಂದುಂಟು. ಎತ್ತು ಕೊಳ್ಳುವಾಗ ಮೂರು ಜಾತ್ರೆ ಸುತ್ತಿ, ನಡಿಗೆ ನೋಡಿ, ಬೆನ್ನು ತಡವಿ, ನಾಲ್ಕು ಜನರನ್ನು ಕೇಳಿ ಕೊಳ್ಳುತ್ತೇವೆ. ಅದೇ ಎತ್ತಿಗೆ ಲಾಳ ಕಟ್ಟಿಸುವಾಗ ಸಂತೆಯಲ್ಲಿ ಆ ಹೊತ್ತಿಗೆ ಸಿಕ್ಕ ಲಾಳವನ್ನು ಹೊಡೆಸಿಕೊಂಡು ಬರುತ್ತೇವೆ. ನೊಗವಂತೂ ಅಜ್ಜನ ಕಾಲದ್ದು ಅಟ್ಟದ ಮೇಲಿದ್ದರೆ ಅದೇ ಸಾಕು.

ಇದರಿಂದ ಆಗುವ ನಷ್ಟ ಎಷ್ಟೆಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನಗೆ ಆಗ ಹನ್ನೆರಡು ವರ್ಷ. ಪುಷ್ಯ ಮಳೆ ಹದವಾಗಿ ಬಿದ್ದಿತ್ತು. ರಾಗಿ ಕೂರಿಗೆ ಹೂಡುವ ಹಿಂದಿನ ದಿನ ನಮ್ಮ ಬಲಗಡೆಯ ಎತ್ತಿಗೆ ಲಾಳ ಕಟ್ಟಿಸಿದರು. ಮರುದಿನ ಬೆಳಿಗ್ಗೆ ಅದು ಮುಂಗಾಲನ್ನು ಸ್ವಲ್ಪ ಎತ್ತಿ ಎತ್ತಿ ಇಡುತ್ತಿತ್ತು. ನಾನು ಕಂಡೆ, ತಂದೆಯವರಿಗೂ ಹೇಳಿದೆ. "ಹೊಸ ಲಾಳ, ಎರಡು ಸಾಲು ನಡೆದರೆ ಸರಿಹೋಗುತ್ತೆ, ಹೊಡಿ" ಎಂದರು. ಎರಡು ದಿನ ನಾನೇ ಹಗ್ಗ ಹಿಡಿದು ಹೊಡೆದೆ. ನಿಂತಾಗ ಬಾರುಕೋಲಿನಿಂದ ಒಂದೆರಡು ಏಟೂ ಕೊಟ್ಟೆ. ಮೂರನೆಯ ದಿನ ಎತ್ತು ಮೇಲೇಳಲಿಲ್ಲ. ಗೊರಸು ಕೆಂಡದಂತೆ ಸುಡುತ್ತಿತ್ತು. ಪಶುವೈದ್ಯರು ಬಂದು ಒಂದು ಮೊಳೆ ಕೀಳಿದಾಗ ಅದರ ಹಿಂದೆಯೇ ಕಪ್ಪು ಕೀವು ಹರಿಯಿತು. ಎತ್ತು ಮತ್ತೆ ನೊಗಕ್ಕೆ ಬಂದದ್ದು ಆರನೆಯ ವಾರದಲ್ಲಿ. ಅಷ್ಟರಲ್ಲಿ ರಾಗಿಯ ಕಾಲ ಮೀರಿತ್ತು. ಉಳಿದ ಹೊಲಕ್ಕೆ ಹುರುಳಿ ಚೆಲ್ಲಿ ಕೈತೊಳೆದುಕೊಂಡೆವು. ಮುಂದೆ ಕೃಷಿ ಡಿಪ್ಲೊಮಾ ಓದುವಾಗ ಗೊರಸಿನ ಚಿತ್ರವನ್ನು ಬರೆಯಬೇಕಾಗಿ ಬಂದ ದಿನ ಆ ಏಟುಗಳೇ ನೆನಪಿಗೆ ಬಂದವು.

ಮೊದಲು ಗೊರಸೆಂದರೇನೆಂದು ನೋಡೋಣ. ಕುದುರೆಗೆ ಒಂದೇ ಇಡಿಯ ಗೊರಸು. ನಾಲ್ಕು ಕಾಲಿಗೆ ನಾಲ್ಕು ಲಾಳ. ಎತ್ತಿನದು ಸೀಳು ಗೊರಸು. ಒಂದೊಂದು ಕಾಲಿಗೆ ಎರಡು ಹೋಳು, ಒಟ್ಟು ಎಂಟು ಲಾಳ. ನಡೆಯುವಾಗ ಈ ಎರಡು ಹೋಳುಗಳು ಬೇರೆ ಬೇರೆಯಾಗಿ ಅಗಲಿ ಕೂಡುತ್ತವೆ. ಹೊರಗೆ ಕಾಣುವ ಗೋಡೆ ನಮ್ಮ ಉಗುರಿನಂತೆ; ಅದರಲ್ಲಿ ರಕ್ತವಿಲ್ಲ, ನೋವಿಲ್ಲ. ಅದರ ಒಳಮಗ್ಗುಲಿಗೆ ಜೀವದ ಮಾಂಸ, ಅದರೊಳಗೆ ಮೂಳೆ. ಗೊರಸನ್ನು ತಿರುಗಿಸಿ ಅಡಿಯನ್ನು ಕೆರೆದು ನೋಡಿದರೆ ಗೋಡೆಯೂ ಅಂಗಾಲೂ ಕೂಡುವಲ್ಲಿ ಬಿಳಿಯ ಗೆರೆಯೊಂದು ಕಾಣುತ್ತದೆ. ಈ ಗೆರೆಯೇ ಗಡಿ. ಮೊಳೆ ಅದರ ಹೊರಗಿದ್ದರೆ ಎತ್ತಿಗೆ ತಿಳಿಯುವುದೇ ಇಲ್ಲ. ಒಳಗೆ ಹೊಕ್ಕರೆ ನಮ್ಮ ಉಗುರಿನ ಸಂದಿಗೆ ಸೂಜಿ ಚುಚ್ಚಿದಂತೆ. ಎತ್ತಿನ ಗೊರಸಿನ ಗೋಡೆ ಕುದುರೆಯದಕ್ಕಿಂತ ತೆಳು. ಆದುದರಿಂದ ತಪ್ಪಿಗೆ ಇಲ್ಲಿ ಎಡೆ ಬಹಳ ಕಡಿಮೆ. ಎರಡು ಹೋಳುಗಳ ನಡುವಿನ ಮಗ್ಗುಲಲ್ಲಿ ಗೋಡೆ ಇನ್ನೂ ತೆಳುವಾದ್ದರಿಂದ ಅಲ್ಲಿ ಮೊಳೆ ಹೊಡೆಯಲೇ ಕೂಡದು. ಲಾಳದ ತೂತುಗಳೆಲ್ಲ ಹೊರ ಅಂಚಿನಲ್ಲಿರುವುದು ಇದಕ್ಕಾಗಿಯೇ.

ಲಾಳ ಎಲ್ಲ ಎತ್ತಿಗೂ ಬೇಕೆ? ಬೇಕಿಲ್ಲ. ಎರೆ ಹೊಲದಲ್ಲಿ, ಕೆಸರು ಗದ್ದೆಯಲ್ಲಿ ಮಾತ್ರ ದುಡಿಯುವ ಎತ್ತು ಬರಿಗಾಲಲ್ಲೇ ಚೆನ್ನಾಗಿರುತ್ತದೆ. ಡಾಂಬರು ರಸ್ತೆ, ಜಲ್ಲಿ, ಕಲ್ಲುನೆಲ ಇವುಗಳ ಮೇಲೆ ಗಾಡಿ ಎಳೆಯುವಾಗ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ; ಆಗ ಲಾಳ ಬೇಕು. ನೆರೆಯವನು ಕಟ್ಟಿಸಿದನೆಂದು ಕಟ್ಟಿಸುವುದು ಬೇಡ.

ಇನ್ನು ಅಳತೆಯ ಮಾತು. ಸಂತೆಯಲ್ಲಿ ಲಾಳ ಗೋಣಿಯ ಮೇಲೆ ರಾಶಿ ಬಿದ್ದಿರುತ್ತದೆ. ಚಿಕ್ಕದು ಸಿಕ್ಕರೆ ಗೊರಸಿನ ಅಂಚನ್ನು ಅರದಿಂದ ತಿಕ್ಕಿ ಲಾಳದ ಸಮಕ್ಕೆ ತರುತ್ತಾರೆ. ನೋಡುವುದಕ್ಕೆ ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ತಿಕ್ಕಿ ತೆಗೆದದ್ದು ಮೊಳೆ ಹಿಡಿಯಬೇಕಾಗಿದ್ದ ಗೋಡೆಯನ್ನೇ! ಗೋಡೆ ತೆಳುವಾದಷ್ಟೂ ಮೊಳೆ ಒಳಕ್ಕೆ ಸರಿಯುತ್ತದೆ. ಗೊರಸಿಗೆ ಹೊಂದುವಂತೆ ಲಾಳವನ್ನು ಬಡಿದು ತಿದ್ದಬೇಕೇ ಹೊರತು, ಲಾಳಕ್ಕೆ ಹೊಂದುವಂತೆ ಗೊರಸನ್ನು ಕೆತ್ತಬಾರದು. ದೊಡ್ಡದಾದರೂ ಕೇಡೇ. ಒಳಮಗ್ಗುಲಿಗೆ ಚಾಚಿದ ಲಾಳ ಪಕ್ಕದ ಹೋಳಿಗೆ ತಾಗಿ ಗಾಯ ಮಾಡುತ್ತದೆ, ನಡುವೆ ಕಲ್ಲು ಸಿಕ್ಕಿಕೊಳ್ಳುತ್ತದೆ. ಹೊರಕ್ಕೆ ಚಾಚಿದ್ದು ಕಲ್ಲಿಗೆ ತಗುಲಿ ಗೋಡೆಯ ಚೂರನ್ನೂ ಕಿತ್ತುಕೊಂಡು ಹೋಗುತ್ತದೆ. ಹಿಮ್ಮಡಿಯ ಕಡೆ ಗಿಡ್ಡವಾದರೆ ಲಾಳದ ತುದಿ ಮೆತ್ತನೆಯ ಭಾಗವನ್ನು ಒತ್ತುತ್ತದೆ.

ಇದಕ್ಕೆ ಸುಲಭವಾದ ಉಪಾಯವೊಂದುಂಟು. ಹಳೆಯ ರಟ್ಟಿನ ಮೇಲೆ ಎತ್ತಿನ ಕಾಲನ್ನು ಊರಿಸಿ, ಸುತ್ತಲೂ ಸೀಸದ ಕಡ್ಡಿಯಿಂದ ಗೆರೆ ಎಳೆದುಕೊಳ್ಳಿ. ಎಂಟು ಹೋಳಿಗೂ ಬೇರೆ ಬೇರೆಯಾಗಿ ಕತ್ತರಿಸಿ, ಮುಂದಿನ ಬಲ ಹೊರಗಿನದು, ಒಳಗಿನದು ಎಂದು ಬರೆದಿಡಿ. ಒಂದರಂತೆ ಇನ್ನೊಂದಿಲ್ಲವೆಂಬುದು ಆಗ ಕಣ್ಣಿಗೆ ಕಾಣುತ್ತದೆ. ಮುಂಗಾಲಿನ ಗೊರಸು ಅಗಲ, ಹಿಂಗಾಲಿನದು ನೀಳ. ಮೈಭಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಂಗಾಲುಗಳೇ ಹೊರುತ್ತವೆ. ಬೆಳೆದ ಗೊರಸನ್ನು ಸಮ ಮಾಡಿದ ಮೇಲೆಯೇ ಈ ಅಳತೆ ತೆಗೆಯತಕ್ಕದ್ದು. ಸಮ ಮಾಡುವಾಗಲೂ ಮಿತಿ ಬೇಕು. ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅದು ಬಗ್ಗಿದರೆ ಆಗಲೇ ಅತಿಯಾಗಿ ತೆಗೆದಾಯಿತೆಂದು ತಿಳಿಯಿರಿ.

ಲಾಳ ಕಟ್ಟುವ ದಿನ ಬೆಳಿಗ್ಗೆ ಎತ್ತಿಗೆ ಮೇವು ಹಾಕಬೇಡಿ. ತುಂಬಿದ ಹೊಟ್ಟೆಯಲ್ಲಿ ಕೆಡವಿ ಮಲಗಿಸಿದರೆ ಹೊಟ್ಟೆ ಉಬ್ಬರಿಸುವ ಭಯವಿದೆ. ಕೆಡವುವ ಜಾಗ ಮೆತ್ತಗಿರಲಿ. ಮುಖದ ಕೆಳಗೆ ಗೋಣಿ ಹಾಕಿದರೆ ಕಣ್ಣಿಗೆ ಮಣ್ಣು ಉಜ್ಜುವುದಿಲ್ಲ. ಕಾಲು ಕಟ್ಟಿದ ಎತ್ತನ್ನು ಹಾಗೆಯೇ ಬಿಟ್ಟು ಕಾಫಿಗೆ ಹೋಗುವುದನ್ನು ನಾನು ಕಂಡಿದ್ದೇನೆ. ಇದು ಸರಿಯಲ್ಲ.

ಮೊಳೆ ಹೊಡೆಯುವಾಗ ಪಕ್ಕದಲ್ಲಿ ನಿಂತು ಕಿವಿಗೊಡಿ. ಸಂತೆಯಲ್ಲಿ ಲಾಳ ಕಟ್ಟುವ ವೃದ್ಧರೊಬ್ಬರು ನನಗೆ ಹೇಳಿದ್ದರು: "ತಮ್ಮಾ, ಕಣ್ಣಲ್ಲಿ ನೋಡ್ಬೇಡ, ಸದ್ದು ಕೇಳು. ಗೋಡೇಲಿ ಹೋಗೋ ಮೊಳೆ ಟಣ್ ಟಣ್ ಅನ್ನುತ್ತೆ. ಸದ್ದು ಮಂಕಾಯ್ತಾ, ಕಿತ್ತುಬಿಡು." ಇದು ಸತ್ಯ. ಗಟ್ಟಿ ಗೋಡೆಯಲ್ಲಿ ಹೋಗುವ ಮೊಳೆ ಏಟಿಗೆ ಏಟು ತಡೆ ಕೊಡುತ್ತದೆ. ಮಾಂಸಕ್ಕೆ ಹೊಕ್ಕದ್ದು ಮೆತ್ತಗೆ ಇಳಿಯುತ್ತದೆ, ಎತ್ತು ಕಾಲನ್ನು ಜಗ್ಗುತ್ತದೆ. ಸರಿಯಾಗಿ ಹೋದ ಮೊಳೆಯ ತುದಿ ಗೋಡೆಯ ಹೊರಗೆ ಸುಮಾರು ಅರ್ಧ ಅಂಗುಲ ಮೇಲೆ ಬರುತ್ತದೆ. ತುದಿಗಳೆಲ್ಲ ಒಂದೇ ಸಾಲಿನಲ್ಲಿದ್ದರೆ ಒಳ್ಳೆಯದು. ಒಂದು ಮಾತ್ರ ಬಹಳ ಮೇಲೆ ಬಂದರೆ ಅದರ ಮೇಲೆ ಸಂಶಯ ಇಟ್ಟುಕೊಳ್ಳಿ. ಹೊರಬಂದ ತುದಿಯನ್ನು ಮುರಿದು ಗೋಡೆಗೆ ಒತ್ತಿ ಮಡಿಸಿಸಿ. ಇಲ್ಲದಿದ್ದರೆ ಇನ್ನೊಂದು ಕಾಲನ್ನು ಗೀರುತ್ತದೆ.

ಕೆಲಸದ ಹಿಂದಿನ ದಿನ ಲಾಳ ಕಟ್ಟಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ನಾಲ್ಕೈದು ದಿನ ಮುಂಚೆಯೇ ಕಟ್ಟಿಸಿ, ಮರುದಿನ ಬೆಳಿಗ್ಗೆ ಗಟ್ಟಿಯಾದ ಸಮನೆಲದಲ್ಲಿ ನಡೆಸಿ ನೋಡಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರುವಾಗ ತಲೆ ಮೇಲಕ್ಕೆ ಎತ್ತುತ್ತದೆ, ಸರಿಯಿರುವ ಕಾಲು ಊರುವಾಗ ತಗ್ಗುತ್ತದೆ. ಆಮೇಲೆ ಅಂಗೈಯ ಹಿಂಭಾಗದಿಂದ ಎಡ ಬಲ ಗೊರಸುಗಳನ್ನು ಮುಟ್ಟಿ, ಒಂದು ಹೆಚ್ಚು ಬಿಸಿಯಿದೆಯೆ ನೋಡಿ. ಸಣ್ಣ ಸುತ್ತಿಗೆಯಿಂದ ಒಂದೊಂದೇ ಮೊಳೆಯ ತಲೆಯನ್ನು ಮೆಲ್ಲಗೆ ತಟ್ಟುತ್ತ ಹೋದರೆ, ತಪ್ಪಿದ ಮೊಳೆಗೆ ಬಂದಾಗ ಎತ್ತೇ ಹೇಳುತ್ತದೆ. ನಮ್ಮ ಮನೆಯಲ್ಲಿ ಅಂದು ಇಷ್ಟನ್ನು ಮಾಡಿದ್ದರೆ ಕಾಲು ಗಂಟೆಯ ಕೆಲಸ.

ಅಂಥ ಮೊಳೆ ಸಿಕ್ಕಿದರೆ ಕೂಡಲೆ ಕಿತ್ತು ಅದರ ಮೈಯನ್ನು ನೋಡಿ. ರಕ್ತವಾಗಲಿ ಕಪ್ಪು ನೀರಾಗಲಿ ಅಂಟಿದ್ದರೆ ಆ ತೂತಿಗೆ ಮತ್ತೆ ಮೊಳೆ ಬೇಡ. ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಗೊರಸನ್ನು ತೊಳೆದು, ತೂತಿಗೆ ಟಿಂಕ್ಚರ್ ಅಯೋಡಿನ್ ಬಿಟ್ಟು, ಒಣ ನೆಲದಲ್ಲಿ ಕಟ್ಟಿ ವಿಶ್ರಾಂತಿ ಕೊಡಿ. ಕುಂಟು ಹೆಚ್ಚಿದರೆ, ಗೊರಸಿನ ಮೇಲೆ ಬಾವು ಬಂದರೆ, ಒಳಗೆ ಕೀವು ಕಟ್ಟಿದೆಯೆಂದೇ ತಿಳಿಯಬೇಕು. ಅದಕ್ಕೆ ದಾರಿ ಮಾಡಿಕೊಡುವುದು ಪಶುವೈದ್ಯರ ಕೆಲಸ. ಮನೆಯ ಉಳಿಯಿಂದ ಕೆತ್ತಲು ಹೋಗಬೇಡಿ. ೧೯೬೨ ಎಂಬ ಸಂಖ್ಯೆಗೆ ಫೋನು ಮಾಡಿದರೆ ಪಶು ಚಿಕಿತ್ಸೆಯ ಸಂಚಾರಿ ವಾಹನವನ್ನು ಕರೆಸಿಕೊಳ್ಳಬಹುದು. ಒಂದು ಹೋಳು ಕೆಟ್ಟು ಇನ್ನೊಂದು ಚೆನ್ನಾಗಿದ್ದರೆ, ಚೆನ್ನಾಗಿರುವ ಹೋಳಿನ ಅಡಿಗೆ ಮರದ ಸಣ್ಣ ಹಲಗೆಯನ್ನು ಅಂಟಿಸಿ ಕೆಟ್ಟದ್ದು ನೆಲಕ್ಕೆ ತಾಗದಂತೆ ಎತ್ತುವ ಚಿಕಿತ್ಸೆಯೂ ಉಂಟು, ವೈದ್ಯರನ್ನು ಕೇಳಿ. ಕುದುರೆ ಸಾಕುವವರು ಈಗ ತೊಡಿಸಿ ಬಿಚ್ಚುವ ರಬ್ಬರಿನ ಬೂಟುಗಳನ್ನು ಬಳಸುವುದುಂಟು. ಇಡಿಯ ಗೊರಸಿಗೆಂದು ಮಾಡಿದ ಅದು ನಮ್ಮ ಎತ್ತಿನ ಸೀಳು ಗೊರಸಿಗೆ ಹೊಂದುವುದಿಲ್ಲ.

ಗೊರಸು ತಿಂಗಳಿಗೆ ಸುಮಾರು ೫ ಮಿಲಿಮೀಟರು ಬೆಳೆಯುತ್ತದೆ, ಎಂದರೆ ಐದು ತಿಂಗಳಿಗೆ ಒಂದು ಅಂಗುಲ. ಲಾಳದ ಅಡಿಯಲ್ಲಿ ಅದು ಸವೆಯುವುದಿಲ್ಲವಾದ್ದರಿಂದ, ಲಾಳ ಹೊಸದರಂತೆ ಕಂಡರೂ ಒಂದೂವರೆ ಎರಡು ತಿಂಗಳಿಗೊಮ್ಮೆ ಬಿಚ್ಚಿಸಿ, ಗೊರಸನ್ನು ಸಮ ಮಾಡಿಸಿ ಮತ್ತೆ ಕಟ್ಟಿಸಬೇಕು. ಕಾಲುಬಾಯಿ ಜ್ವರದಿಂದ ಗೊರಸಿನ ಸಂದು ಹುಣ್ಣಾಗಿರುವಾಗ ಲಾಳದ ಮಾತೇ ಬೇಡ. ಆ ರೋಗದ ಲಸಿಕೆ ಆರು ತಿಂಗಳಿಗೊಮ್ಮೆ ಬೀಳಬೇಕು, ತಪ್ಪಿಸಬೇಡಿ.

ಕಾಲಿನಿಂದ ಹೆಗಲಿಗೆ ಬರೋಣ. ನಮ್ಮ ತಾಯಂದಿರು ತುಂಬಿದ ಕೊಡವನ್ನು ತಲೆಯ ಮೇಲೆ ಹೊರುವಾಗ ಸಿಂಬೆ ಇಟ್ಟುಕೊಳ್ಳುತ್ತಾರೆ. ಭಾರ ಅಷ್ಟೇ, ಆದರೆ ಅಗಲವಾಗಿ ಹರಡುವುದರಿಂದ ನೋವು ಕಡಿಮೆ. ನೊಗದ ಗುಟ್ಟೂ ಇದೇ. ಸಣ್ಣಗೆ ಕೆತ್ತಿದ, ಅಂಚು ಚೂಪಾದ ನೊಗ ಹಿಣಿಲಿನ ಮುಂದೆ ಎರಡು ಬೆರಳಗಲದ ಚರ್ಮದ ಮೇಲೆ ಭಾರವನ್ನೆಲ್ಲ ಹಾಕುತ್ತದೆ. ಹೆಗಲಿಗೆ ತಾಗುವ ಜಾಗ ಅಗಲವಾಗಿ, ಗುಂಡಗೆ, ಕೈಯಾಡಿಸಿದರೆ ಜಾರುವಷ್ಟು ನುಣುಪಾಗಿರಬೇಕು. ಸೀಳು, ಗಂಟು, ಮೊಳೆಯ ತಲೆ ಇರಕೂಡದು. ಮೆತ್ತೆ ಕಟ್ಟುವುದಾದರೆ ಒಣಗಿದ ಶುಭ್ರವಾದ ಬಟ್ಟೆಯಿರಲಿ. ಬೆವರಿನಿಂದ ಗಟ್ಟಿಯಾದ ಗೋಣಿಯ ತುಂಡು ಮೆತ್ತೆಯಲ್ಲ, ಅದು ಉಪ್ಪುಕಾಗದ. ಜೋಡಿಯೆತ್ತು ಎತ್ತರದಲ್ಲಿ ಸಮನಾಗಿರಲಿ. ಗಿಡ್ಡ ಎತ್ತಿನ ಹೆಗಲಿಗೇ ಭಾರ ಜಾರುತ್ತದೆ. ಕೆಲಸ ಬಿಟ್ಟ ಮೇಲೆ ಹೆಗಲನ್ನು ತೊಳೆದು ಒರೆಸಿ, ಬೆರಳಿನಿಂದ ಒತ್ತಿ ನೋಡಿ. ಬಿಸಿಯಾದ ಮೆತ್ತನೆಯ ಬಾವು ಮೊದಲ ದಿನವೇ ಸಿಕ್ಕಿದರೆ ತಣ್ಣೀರಿನ ಬಟ್ಟೆಯಿಂದಲೂ ಕೆಲವು ದಿನದ ವಿಶ್ರಾಂತಿಯಿಂದಲೂ ಇಳಿಯಬಹುದು. ಅದರ ಮೇಲೆಯೇ ನೊಗ ಇಟ್ಟರೆ ಗಡ್ಡೆ ಕಟ್ಟುತ್ತದೆ. ಗಡ್ಡೆ ಕಟ್ಟಿದ ಮೇಲೆ ಶಸ್ತ್ರಚಿಕಿತ್ಸೆಯೇ ಗತಿಯಾಗುವುದುಂಟು.

ಗಾಡಿ ತುಂಬುವ ರೀತಿಯೂ ಹೆಗಲಿಗೆ ಸಂಬಂಧಪಟ್ಟದ್ದೇ. ಭಾರ ಮುಂದಾದರೆ ಎತ್ತಿನ ಕುತ್ತಿಗೆ ಕುಸಿಯುತ್ತದೆ. ಹಿಂದಾದರೆ ನೊಗ ಮೇಲೆದ್ದು ಜೊತ್ತಿಗೆ ಗಂಟಲನ್ನು ಬಿಗಿಯುತ್ತದೆ. ತುಂಬಿದ ಮೇಲೆ, ಎತ್ತು ಹೂಡುವ ಮುಂಚೆ, ನೊಗವನ್ನು ಕೈಯಿಂದ ಎತ್ತಿ ನೋಡಿ. ಒಬ್ಬ ಆಳು ಸಲೀಸಾಗಿ ಎತ್ತುವಂತಿರಬೇಕು, ತಾನಾಗಿ ಮೇಲೇಳುವಂತಿರಬಾರದು. ದುಡಿಮೆಯ ಪ್ರಾಣಿಗಳ ಬಗ್ಗೆ ೧೯೬೫ರಲ್ಲಿ ಆದ ನಿಯಮಗಳಲ್ಲಿ ದಿನಕ್ಕೆ ೯ ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಒಂದೇ ಸಮನೆ ೫ ಗಂಟೆ ಮೀರಬಾರದು, ೩೭ ಡಿಗ್ರಿ ದಾಟುವ ಬಿಸಿಲಿನಲ್ಲಿ ಮಧ್ಯಾಹ್ನ ೧೨ರಿಂದ ೩ರವರೆಗೆ ಹೂಡಬಾರದು ಎಂದಿದೆ. ಮೊಳೆ ಸಿಕ್ಕಿಸಿದ ಕೋಲು, ಮುಳ್ಳಿನ ನೊಗ ಇವೂ ನಿಷಿದ್ಧ. ಕಬ್ಬಿನ ಗಾಡಿ ರಾತ್ರಿ ಹೊಡೆಯುವವರು ಹಿಂದಿನ ಹಲಗೆಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಟಿಸದೆ ರಸ್ತೆಗಿಳಿಯಬೇಡಿ. ಲಾರಿಯವನಿಗೆ ಎತ್ತು ಕಾಣುವುದಿಲ್ಲ, ಪಟ್ಟಿ ಕಾಣುತ್ತದೆ.

ಲಾಳ ಕಟ್ಟುವವರು ಈಗ ಊರಿಗೊಬ್ಬರಿಲ್ಲ. ಇರುವವರನ್ನು ಸಂತೆಯ ನೂಕುನುಗ್ಗಲಿನಲ್ಲಿ ಅವಸರಪಡಿಸುವುದಕ್ಕಿಂತ, ನಾಲ್ಕು ಮನೆಯವರು ಕೂಡಿ ಒಂದು ದಿನ ಊರಿಗೇ ಕರೆಸಿಕೊಂಡರೆ ಅವರಿಗೂ ಕೈತುಂಬ ಕೆಲಸ, ನಿಮಗೂ ಅಳತೆಗೆ ತಿದ್ದಿದ ಲಾಳ. ರಟ್ಟಿನ ಗುರುತುಗಳನ್ನು ಮುಂಚೆಯೇ ಕತ್ತರಿಸಿಟ್ಟಿರಿ. ಅಳತೆ ತೆಗೆಯಲು ಇನ್ನೊಂದು ಕೈ ಬೇಕಾದರೆ ನಾನು ಊರಿಗೆ ಬಂದ ದಿನ ಹೇಳಿಕಳುಹಿಸಿ. ಕತ್ತರಿಯೂ ರಟ್ಟೂ ನನ್ನ ಚೀಲದಲ್ಲಿರುತ್ತವೆ.