ಬೆಳಗಿ ಅಳಿದ ತೆರೆ: ಛಾಯಾಚಿತ್ರದಲ್ಲಿ ಸ್ಮೃತಿ ಮತ್ತು ಅನುಪಸ್ಥಿತಿ

ಜಪಾನಿನ ಛಾಯಾಗ್ರಾಹಕ ಹಿರೋಶಿ ಸುಗಿಮೊಟೊ (ಜನನ 1948) ಅಮೆರಿಕದ ಚಿತ್ರಮಂದಿರಗಳನ್ನು ಕುರಿತು 1970ರ ದಶಕದಲ್ಲಿ ಆರಂಭಿಸಿದ ಕಪ್ಪು-ಬಿಳುಪು ಮಾಲಿಕೆಯಲ್ಲಿ ‘ಯು.ಎ. ಪ್ಲೇಹೌಸ್, ನ್ಯೂಯಾರ್ಕ್’ (1978) ಒಂದು. ಚಿತ್ರದ ನಡುವೆ ಬಿಳಿಯ ಆಯತ. ಸುತ್ತ ಕತ್ತಲಿನಿಂದ ಮೂಡಿಬಂದ ಒಳಾಂಗಣ. ಮನುಷ್ಯರು ಕಾಣುವುದಿಲ್ಲ, ಚಲನಚಿತ್ರವೂ ಕಾಣುವುದಿಲ್ಲ.

ಈ ಬಿಳುಪನ್ನು ‘ಶೂನ್ಯ’ವೆಂದು ಕರೆದುಬಿಡುವುದು ಸುಲಭ. ವಚನಗಳ ‘ಬಯಲು’ ಪರಿಕಲ್ಪನೆಯಲ್ಲಿ ಪಳಗಿದ ಕನ್ನಡದ ಓದುಗನಿಗಂತೂ ಆ ಮಾತು ನಾಲಗೆಯ ತುದಿಯಲ್ಲೇ ಇರುತ್ತದೆ. ಚಿತ್ರ ಸಿದ್ಧವಾದ ಬಗೆಯನ್ನು ಗಮನಿಸಿದಾಗ ಈ ಓದು ಆತುರದ್ದೆನಿಸುತ್ತದೆ. ಪ್ರದರ್ಶನ ಆರಂಭವಾದಾಗ ತೆರೆದ ಕ್ಯಾಮೆರಾದ ಷಟರನ್ನು ಅದು ಮುಗಿದ ಮೇಲಷ್ಟೇ ಮುಚ್ಚಲಾಗಿದೆ. ಸೆಕೆಂಡಿಗೆ 24ರಂತೆ ಎರಡು ಗಂಟೆಯ ಚಲನಚಿತ್ರವೊಂದರಲ್ಲಿ 1,72,800 ಚೌಕಟ್ಟುಗಳಿರುತ್ತವೆ. ಅಂಥ ಅಷ್ಟೂ ಬಿಂಬಗಳ ಬೆಳಕು ಒಂದೇ ಫಿಲ್ಮ್ ಹಾಳೆಯ ಮೇಲೆ ಒಂದರ ಮೇಲೊಂದು ಬಿದ್ದು ಬಿಳುಪಾಗಿದೆ. ಅನುಪಸ್ಥಿತಿ ಇಲ್ಲಿ ಹುಟ್ಟಿರುವುದು ಉಪಸ್ಥಿತಿಯ ಅತಿಶಯದಿಂದ.

ಛಾಯಾಚಿತ್ರದಲ್ಲಿ ಕಾಣುವುದು ಒಮ್ಮೆ ಮಸೂರದ ಮುಂದೆ ಇದ್ದೇ ಇತ್ತು ಎಂಬುದು ರೊಲಾಂ ಬಾರ್ತ್ 1980ರ ತನ್ನ ‘ಲಾ ಶಾಂಬ್ರ್ ಕ್ಲೇರ್’ ಕೃತಿಯಲ್ಲಿ ಮಂಡಿಸಿದ ನಿಲುವು. ಸುಗಿಮೊಟೊ ಚಿತ್ರ ಅದನ್ನು ಅಲ್ಲಗಳೆಯುವುದಿಲ್ಲ. ಅದರ ವಿಲೋಮ ಸತ್ಯವಲ್ಲವೆಂದು ತೋರಿಸುತ್ತದೆ. ಇದ್ದುದೆಲ್ಲ ಕಾಣಲೇಬೇಕೆಂದಿಲ್ಲ. ಲೂಯಿ ದಾಗೆರ್ 1838ರಲ್ಲಿ ತೆಗೆದ ಪ್ಯಾರಿಸಿನ ಬೀದಿಯ ಚಿತ್ರ ಇದಕ್ಕೆ ಪೂರ್ವನಿದರ್ಶನ. ಹಲವು ನಿಮಿಷಗಳ ಬೆಳಕಿಗೆ ತಟ್ಟೆಯನ್ನು ಒಡ್ಡಿದ್ದರಿಂದ ಚಲಿಸುತ್ತಿದ್ದ ಜನ, ಗಾಡಿಗಳೆಲ್ಲ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನು ಉಳಿದಿದ್ದಾನೆ. (ಪಾಲಿಶ್ ಮಾಡುತ್ತಿದ್ದವನ ಆಕೃತಿ ಮಸುಕು, ಚರಿತ್ರೆಯ ಅಭ್ಯಾಸಿಗಳಿಗೆ ಇದು ಪರಿಚಿತ ನ್ಯಾಯವೇ.) ಈ ಹಿನ್ನೆಲೆಯಲ್ಲಿ ಚಿತ್ರಮಂದಿರದ ಖಾಲಿ ಆಸನಗಳನ್ನೂ ನೇರ ಸಾಕ್ಷ್ಯವೆಂದು ಒಪ್ಪುವಂತಿಲ್ಲ. ಮಿಸುಕಾಡುತ್ತ ಕುಳಿತ ಪ್ರೇಕ್ಷಕರಿದ್ದರೂ ಅಷ್ಟು ಹೊತ್ತಿನಲ್ಲಿ ಅವರ ಗುರುತು ಕರಗಿಹೋಗಬಹುದಿತ್ತು. ಆದುದರಿಂದ ಪಠ್ಯವೊಂದರ ಮೌನವನ್ನು ಓದುವವರೂ ಮೊದಲು ಕೇಳಬೇಕಾದುದು: ದಾಖಲಾಗದೆ ಉಳಿದುದು ಯಾವುದು, ದಾಖಲೆಗಳ ಒತ್ತೊತ್ತಿನಲ್ಲಿ ಅಳಿದುದು ಯಾವುದು?

ಸ್ಮೃತಿಯ ವಿಚಾರದಲ್ಲಿ ಈ ಭೇದ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಚಿತ್ರದ ಒಳಾಂಗಣ ನಮಗೆ ಕಾಣುತ್ತಿರುವುದು ತೆರೆಯಿಂದ ಹೊಮ್ಮಿದ ಬೆಳಕಿನಿಂದ. ಕಥೆ ತಾನು ಅಳಿಯುತ್ತ, ತಾನು ನಡೆದ ಮಂದಿರವನ್ನು ಬೆಳಗಿದೆ. ಬಾಲ್ಯದಲ್ಲಿ ನೋಡಿದ ಸಿನಿಮಾದ ಕಥೆ ಮರೆತು ಟಾಕೀಸಿನ ಗೋಡೆ, ಬೆಂಚುಗಳಷ್ಟೇ ನೆನಪಿನಲ್ಲಿ ಉಳಿಯುವ ಕ್ರಮವೂ ಇದೇ. ಶೀರ್ಷಿಕೆಯಲ್ಲಿ ಮಂದಿರದ ಹೆಸರಿದೆ, ಊರಿದೆ, ವರ್ಷವಿದೆ. ಅಂದು ಓಡಿದ ಚಲನಚಿತ್ರದ ಹೆಸರಿಲ್ಲ.